ಉರಿಮೂತ್ರದ ಮಾತ್ರೆ ಇನ್ನು ಹೊಸ ಚೀಟಿಗೆ ಮಾತ್ರ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ, ಸದಸ್ಯ ಬಂಧುಗಳೇ,

ಬದಿಯಡ್ಕದ ನಮ್ಮ ಸಹಕಾರಿ ಔಷಧ ಮಳಿಗೆಯಲ್ಲಿ ಹಳೆಯ ಚೀಟಿಯನ್ನೋ ಖಾಲಿಯಾದ ಸ್ಟ್ರಿಪ್ಪನ್ನೋ ತೋರಿಸಿ ಉರಿಮೂತ್ರಕ್ಕೆ ಆಂಟಿಬಯೋಟಿಕ್ ಕೇಳುವ ರೂಢಿಯಿದೆ. ಮುಂದಿನ ತಿಂಗಳ 1ನೇ ತಾರೀಕಿನಿಂದ ವೈದ್ಯರ ಹೊಸ ಚೀಟಿಯಿದ್ದರೆ ಮಾತ್ರ ಈ ಮಾತ್ರೆಗಳನ್ನು ಕೊಡಲಾಗುವುದು. ಚೀಟಿಯಿಲ್ಲದೆ ಬಂದವರಿಗೆ ಕನ್ನಡದಲ್ಲಿ ಅಚ್ಚಾದ ಒಂದು ಮಾಹಿತಿ ಹಾಳೆಯನ್ನೂ, ಮಿಲಿಲೀಟರ್ ಗೆರೆಗಳಿರುವ ಒಂದು ಪ್ಲಾಸ್ಟಿಕ್ ಲೋಟವನ್ನೂ ಉಚಿತವಾಗಿ ಕೊಡುತ್ತೇವೆ.

ಆಂಟಿಬಯೋಟಿಕ್‌ಗಳ ಚಿಲ್ಲರೆ ಮಾರಾಟದ ಮೇಲೆ ಕೇರಳದ ಔಷಧ ನಿಯಂತ್ರಣ ಇಲಾಖೆ 2024ರಿಂದ ‘ಆಪರೇಷನ್ ಅಮೃತ್’ ಹೆಸರಿನಲ್ಲಿ ಬಿಗಿ ತಪಾಸಣೆ ನಡೆಸುತ್ತಿರುವುದು ತಮಗೆ ತಿಳಿದಿದೆ. ಆದರೆ ನಮ್ಮ ನಿರ್ಧಾರ ತಪಾಸಣೆಯ ಅಂಜಿಕೆಯಿಂದ ಬಂದದ್ದಲ್ಲ. ಉರಿ ಕಂಡಾಗಲೆಲ್ಲ ಸೋಂಕೇ ಇರಬೇಕೆಂದಿಲ್ಲ, ಕಲ್ಲಿದ್ದರೂ ಉರಿಯುತ್ತದೆ. ಸೋಂಕೇ ಆಗಿದ್ದರೆ ಯಾವ ಮಾತ್ರೆಗೆ ಅದು ಬಗ್ಗುತ್ತದೆಂಬುದನ್ನು ಮೂತ್ರದ ಕಲ್ಚರ್ ಪರೀಕ್ಷೆ (ಮಾದರಿಯಲ್ಲಿನ ರೋಗಾಣುವನ್ನು ಬೆಳೆಸಿ ನೋಡುವುದು) ಎರಡು ಮೂರು ದಿನಗಳಲ್ಲಿ ತಿಳಿಸುತ್ತದೆ. ಮಾತ್ರೆ ನುಂಗಿದ ಮೇಲೆ ಕೊಟ್ಟ ಮಾದರಿಯಲ್ಲಿ ರೋಗಾಣು ಬೆಳೆಯದೆ ಹೋಗಬಹುದಾದ್ದರಿಂದ, ಮೊದಲು ಮಾದರಿ ಕೊಟ್ಟು ಆಮೇಲೆ ಮಾತ್ರೆ ಆರಂಭಿಸುವುದು ಸರಿಯಾದ ಕ್ರಮ.

ಹಾಳೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಯೂರಾಲಜಿ ಕೇರ್ ಫೌಂಡೇಶನ್ ಎಂಬ ದತ್ತಿಸಂಸ್ಥೆಯಿದೆ. 1902ರಲ್ಲಿ ಹುಟ್ಟಿದ ಅಮೆರಿಕನ್ ಯೂರಾಲಜಿಕಲ್ ಅಸೋಸಿಯೇಶನ್ನಿನ ಅಧಿಕೃತ ಪ್ರತಿಷ್ಠಾನವಾದ ಅದು ಮೂತ್ರರೋಗಗಳ ಸಂಶೋಧನೆಗೆ ನೆರವು ನೀಡುವುದರ ಜೊತೆಗೆ ರೋಗಿಗಳಿಗೆ ಬೇಕಾದ ತಿಳಿವಳಿಕೆಯನ್ನೂ ಉಚಿತವಾಗಿ ಒದಗಿಸುತ್ತದೆ. ಅವರ ಬರಹವನ್ನು ನಾವು ನಕಲು ಮಾಡಿಲ್ಲ. ರೋಗಿಯೇ ತನ್ನ ತೊಂದರೆಯನ್ನು ಬರೆದಿಟ್ಟುಕೊಂಡು ವೈದ್ಯರ ಬಳಿಗೆ ಹೋಗುವ ಕ್ರಮವನ್ನಷ್ಟೇ ಮಾದರಿಯಾಗಿ ತೆಗೆದುಕೊಂಡಿದ್ದೇವೆ. ಹಾಳೆಯ ಒಂದು ಬದಿಯಲ್ಲಿ ಮೂರು ದಿನಗಳ ಲೆಕ್ಕಕ್ಕೆ ಮನೆಗಳಿವೆ: ಎಷ್ಟು ಗಂಟೆಗೆ ಏನು ಕುಡಿದಿರಿ, ಎಷ್ಟು ಗಂಟೆಗೆ ಎಷ್ಟು ಮೂತ್ರ ಹೋಯಿತು, ತಡೆಯಲಾರದೆ ಬಟ್ಟೆ ಒದ್ದೆಯಾಯಿತೇ. ಲೋಟ ಕೊಡುವುದು ಈ ಅಳತೆಗಾಗಿಯೇ. ದಯವಿಟ್ಟು ಅದನ್ನು ಅಡುಗೆಮನೆಯಿಂದ ದೂರವಿಡಿ. ಇನ್ನೊಂದು ಬದಿ, ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡ ಗಂಡಸರಿಗೆ. ರಾತ್ರಿ ಎಷ್ಟು ಸಲ ಎದ್ದಿರಿ, ಧಾರೆ ಸಣ್ಣದಾಗಿದೆಯೇ, ನಡುವೆ ನಿಂತು ನಿಂತು ಬರುತ್ತದೆಯೇ ಎಂಬಂಥ ಏಳು ಪ್ರಶ್ನೆಗಳಿಗೆ ಸೊನ್ನೆಯಿಂದ ಐದರವರೆಗೆ ಅಂಕ ಹಾಕಬೇಕು. ವೈದ್ಯರು ಬಳಸುವ ಈ ಅಂಕಪಟ್ಟಿಯಲ್ಲಿ ಒಟ್ಟು 7ರವರೆಗೆ ಬಂದರೆ ತೊಂದರೆ ಸೌಮ್ಯ, 8ರಿಂದ 19 ಮಧ್ಯಮ, 20ರಿಂದ 35 ತೀವ್ರ. ಕೌಂಟರಿನಲ್ಲಿ ನಾಲ್ಕು ಜನ ನಿಂತಿರುವಾಗ ಯಾರೂ ಬಾಯಿಬಿಟ್ಟು ಹೇಳದ ಸಂಗತಿಗಳಿವು. ಬರೆದು ತಂದರೆ ವೈದ್ಯರಿಗೂ ಸುಲಭ.

ಅಡಿಕೆ ಕೊಯ್ಲಿನ ಕಾಲದಲ್ಲಿ, ಅದರ ಮೇಲೆ ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ, ಮೂತ್ರದ ಕಲ್ಲಿನ ಔಷಧ ಕೇಳುವವರು ಹಲವರು. ಕಲ್ಲು ಒಮ್ಮೆ ಬಂದವರು ದಿನಕ್ಕೆ ಕನಿಷ್ಠ 2.5 ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕೆಂಬುದು ಅದೇ ಅಸೋಸಿಯೇಶನ್ನಿನ ಮಾರ್ಗಸೂಚಿ. ಗಮನಿಸಿ, ಇದು ಕುಡಿಯುವ ನೀರಿನ ಲೆಕ್ಕವಲ್ಲ. ಬೆವರು ಸುರಿಸಿ ದುಡಿಯುವವರು ಅದಕ್ಕಿಂತ ಎಷ್ಟೋ ಹೆಚ್ಚು ಕುಡಿಯಬೇಕಾಗುತ್ತದೆ. ಬಾಳೆದಿಂಡಿನ ರಸ ಕುಡಿಯುವವರು ಕುಡಿಯಲಿ, ಆದರೆ ಅದನ್ನು ನೆಚ್ಚಿ ನೀರನ್ನು ಮರೆಯಬಾರದು. ಕಲ್ಲಿನ ಭಯದಿಂದ ಹಾಲು, ಮಜ್ಜಿಗೆ ಬಿಡುವುದೂ ಸಲ್ಲದು. ಊಟದಲ್ಲಿ ಸುಣ್ಣದಂಶ (ಕ್ಯಾಲ್ಸಿಯಂ) ತೀರ ಕಡಿಮೆಯಾದರೆ ಆಕ್ಸಲೇಟ್ ಎಂಬ ಬಗೆಯ ಕಲ್ಲಿಗೆ ದಾರಿಯಾಗುತ್ತದೆ.

ಇದರೊಂದಿಗೆ, ಮೂಗು ಕಟ್ಟಿದೆಯೆಂದು ಶೀತದ ಮಾತ್ರೆ ಕೇಳುವ ಹಿರಿಯ ಗಂಡಸರಿಗೆ ನಮ್ಮ ಫಾರ್ಮಸಿಸ್ಟ್ ಇನ್ನು ಮುಂದೆ ಮೂತ್ರದ ತೊಂದರೆಯ ಬಗ್ಗೆಯೂ ಕೇಳುತ್ತಾರೆ. ಬೇಸರಿಸಬಾರದು. ಅಂಥ ಕೆಲವು ಮಾತ್ರೆಗಳಿಂದ, ಪ್ರಾಸ್ಟೇಟ್ ಊದಿದವರಿಗೆ ಮೂತ್ರವೇ ಕಟ್ಟಿಹೋಗುವುದುಂಟು.

ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ ಒಮ್ಮೆಯೇ ಕಂಡಿದ್ದರೂ, ವೈದ್ಯರಿಗೆ ತೋರಿಸಿ. ಚಳಿಜ್ವರದೊಂದಿಗೆ ಸೊಂಟದ ಪಕ್ಕದಲ್ಲಿ ನೋವಿದ್ದರೆ ಅಥವಾ ಮೂತ್ರ ಪೂರ್ತಿ ನಿಂತಿದ್ದರೆ ಮಳಿಗೆಗೆ ಬಾರದೆ ನೇರವಾಗಿ ಆಸ್ಪತ್ರೆಗೆ ಹೋಗಿ.

ಔಷಧಗಳ ದರದಲ್ಲಿಯೂ ಸದಸ್ಯರ ರಿಯಾಯಿತಿಯಲ್ಲಿಯೂ ಬದಲಾವಣೆಯಿಲ್ಲ. ಹಾಳೆ ಮತ್ತು ಲೋಟದ ಖರ್ಚನ್ನು ಹೊಸ ವರ್ಷದ ಕ್ಯಾಲೆಂಡರಿಗೆ ಇಡುತ್ತಿದ್ದ ಹಣದಿಂದ ಭರಿಸುವುದರಿಂದ ಈ ಸಲ ಕ್ಯಾಲೆಂಡರ್ ಇರುವುದಿಲ್ಲ. ಹಾಳೆಗಳನ್ನು ಬಿಲ್ ಕಟ್ಟುವಲ್ಲಿ ಇಟ್ಟಿರುತ್ತೇವೆ. ಕೇಳದೆಯೇ ತೆಗೆದುಕೊಳ್ಳಬಹುದು, ಹೆಸರು ಬರೆಸಬೇಕಾಗಿಲ್ಲ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ