ಮಾಮೀ ನದಿಗೆ ಯಾವಾಗ ಬರಲಿ ಅಂತ ಕೇಳಿದೆಯಲ್ಲ

ಪ್ರೀತಿಯ ಗೆಳೆಯ,

ಓಹಾಯೋದ ಕೊಲಂಬಸ್‌ಗೆ ಬಂದು ಸಾಮಾನಿನ ಪೆಟ್ಟಿಗೆ ಬಿಚ್ಚುವ ಮೊದಲೇ, ಮೊಟ್ಟೆ ಇಡಲು ಮಾಮೀ ನದಿಗೆ ಬರುವ ವಾಲೈ ಮೀನಿನ ವಿಷಯ ಕೇಳಿದ್ದೀಯ. ತುಂಬ ಖುಷಿಯಾಯಿತು. ಆದರೆ ಯಾವ ಶನಿವಾರ ಬರಲಿ ಅಂತ ಈಗಲೇ ಹೇಳು ಎಂದರೆ ಆಗದು ಮಾರಾಯ. ಇಲ್ಲಿ ದಿನ ಗೊತ್ತು ಮಾಡುವುದು ನೀರು. ಅದು ಎಷ್ಟು ತಣ್ಣಗಿದೆ, ಎಷ್ಟು ಹರಿಯುತ್ತಿದೆ, ಯಾವ ಬಣ್ಣಕ್ಕಿದೆ, ಗಾಳಿ ಎಲ್ಲಿಂದ ಬೀಸುತ್ತಿದೆ. ಇದನ್ನೆಲ್ಲ ನೋಡುವುದು ಹೇಗೆ ಅಂತ ಬರೆಯುತ್ತೇನೆ. ಆಮೇಲೆ ನೀನೇ ದಿನ ನೋಡಿಕೊಂಡು ಹೊರಡಬಹುದು. ನಿನ್ನ ಹತ್ತಿರ ಒಂದು ಮಾತು ಕೇಳುವುದೂ ಇದೆ, ಅದು ಆಮೇಲೆ.

ಮಾಮೀ ಸೇರುವುದು ಈರೀ ಸರೋವರವನ್ನು. ಉತ್ತರ ಅಮೆರಿಕದ ಐದು ಮಹಾ ಸರೋವರಗಳಲ್ಲಿ ಈರೀಗೇ ಆಳ ಕಡಿಮೆ. ಅತಿ ಆಳದ ಜಾಗವೇ 64 ಮೀಟರ್. ಸುಪೀರಿಯರ್ 400 ಮೀಟರ್ ದಾಟುತ್ತದೆ. ಟೊಲೀಡೊ ಕಡೆಯ ಪಶ್ಚಿಮ ಭಾಗವಂತೂ ಸರಾಸರಿ ಏಳೆಂಟು ಮೀಟರ್ ಅಷ್ಟೇ. ಹಾಗಾಗಿ ಚಳಿಗಾಲದಲ್ಲಿ ಬೇಗ ಹೆಪ್ಪುಗಟ್ಟುತ್ತದೆ, ಮಾರ್ಚ್‌ನಲ್ಲಿ ಬೇಗ ಬಿಸಿಯಾಗುತ್ತದೆ. ಇಲ್ಲಿಯ ವಾಲೈ ಮೀನು ಬೇರೆ ಸರೋವರಗಳಿಗಿಂತ ಮೊದಲೇ ಮೊಟ್ಟೆ ಇಡಲು ಹೊರಡುವುದೂ ಅದಕ್ಕೇ.

ಹಿಮದ ಮೇಲೆ ಕೂತು ಗಾಳ ಹಾಕೋಣ್ವಾ ಅಂತಲೂ ಕೇಳಿದ್ದೀಯ. ಈಗ ಬೇಡ. ಚಳಿಗಾಲದ ಕೊನೆಯ ಈರೀ ಹಿಮವನ್ನು ನಾನು ನಂಬುವುದಿಲ್ಲ. 2009ರ ಫೆಬ್ರವರಿಯಲ್ಲಿ ಇಲ್ಲೇ ಹತ್ತಿರ ಒಂದು ದೊಡ್ಡ ಹಿಮದ ಹಾಳೆ ದಡದಿಂದ ಬಿಟ್ಟುಕೊಂಡು ತೇಲಿಹೋಯಿತು. ಬಿರುಕು ಕಂಡಿದ್ದರೂ ಜನ ಅದರ ಮೇಲೆ ಹಲಗೆ ಹಾಕಿ ದಾಟಿದ್ದರು. ಗಾಳಿ ತಿರುಗಿತು, ಹಲಗೆಯ ದಾರಿ ಹೋಯಿತು. ಹೆಲಿಕಾಪ್ಟರು, ಏರ್‌ಬೋಟು ಬಂದು 134 ಜನರನ್ನು ಉಳಿಸಿದವು. ಒಬ್ಬರು ತೀರಿಕೊಂಡರು. ಹಿಮ ದಪ್ಪಗಿದೆಯಲ್ಲ ಅಂತ ಯಾರಾದರೂ ಕರೆದರೂ ನೀನು ಹೋಗಬೇಡ.

ಇನ್ನು ನದಿ. ಮಾಮೀ ಹುಟ್ಟುವುದು ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ, ಎರಡು ನದಿ ಕೂಡುವ ಜಾಗದಲ್ಲಿ. ಅಲ್ಲಿಂದ ಸುಮಾರು 220 ಕಿಲೋಮೀಟರ್ ಹರಿದು ಟೊಲೀಡೊದಲ್ಲಿ ಸರೋವರ ಸೇರುತ್ತದೆ. ಮಹಾ ಸರೋವರಗಳಿಗೆ ಬಂದು ಬೀಳುವ ನದಿಗಳಲ್ಲಿ ಅತಿ ವಿಸ್ತಾರದ ನೆಲದಿಂದ ನೀರು ತರುವವುಗಳಲ್ಲಿ ಇದೂ ಒಂದು. ಮಾಮೀ ಮತ್ತು ಪೆರಿಸ್‌ಬರ್ಗ್ ಊರುಗಳ ಹತ್ತಿರ ಅಡಿಯಲ್ಲಿ ಬಂಡೆ, ಜಲ್ಲಿ, ಸೆಳೆತದ ನೀರು. ವಾಲೈಗೆ ಬೇಕಾದ್ದು ಆ ಜಲ್ಲಿ. ಅದು ಗೂಡು ಕಟ್ಟುವುದಿಲ್ಲ, ಮರಿ ಕಾಯುವುದಿಲ್ಲ. ಹರಿವ ನೀರಲ್ಲಿ ಮೊಟ್ಟೆ ಬಿಟ್ಟು ಹೊರಟುಹೋಗುತ್ತದೆ. ಕಲ್ಲಿನ ಸಂದಿಯಲ್ಲಿ ಕೂತ ಮೊಟ್ಟೆಗೆ ಹರಿವ ನೀರು ಉಸಿರು ಕೊಡುತ್ತದೆ. ಮರಿಗಳು ಹೊಳೆಯ ಜೊತೆ ತೇಲಿ ಸರೋವರ ಸೇರುತ್ತವೆ. ಎಲ್ಲ ವಾಲೈಯೂ ನದಿಗೆ ಬರುತ್ತವೆ ಅಂದುಕೊಳ್ಳಬೇಡ. ಬಹಳಷ್ಟು ಸರೋವರದೊಳಗಿನ ಕಲ್ಲುದಿಬ್ಬಗಳ ಮೇಲೇ ಮೊಟ್ಟೆ ಇಡುತ್ತವೆ.

ಈಗ ಥರ್ಮಾಮೀಟರ್. ನೀರು 42 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು ಅಂದರೆ ಕಿವಿ ನಿಮಿರಿಸು. ನಮ್ಮ ಲೆಕ್ಕದಲ್ಲಿ ಐದೂವರೆ ಸೆಲ್ಸಿಯಸ್. ಅಲ್ಲಿಂದ 52ರವರೆಗೆ ಭರಾಟೆ. ಮೊದಲು ಗಂಡುಗಳು ಬರುತ್ತವೆ, ವಾರಗಟ್ಟಲೆ ನದಿಯಲ್ಲೇ ಇರುತ್ತವೆ. ಇಲ್ಲಿಯವರು ಅವಕ್ಕೆ ಜ್ಯಾಕ್ ಅನ್ನುತ್ತಾರೆ. ಹೆಣ್ಣುಗಳು ಬಂದು, ಮೊಟ್ಟೆ ಇಟ್ಟು, ಬೇಗ ವಾಪಸ್. ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಒಳ್ಳೆಯ ಕಾಲ. ಆದರೆ ನಡುವೆ ಒಂದು ವಾರ ಹಿಮ ಬಿದ್ದರೆ ಎಲ್ಲವೂ ನಿಧಾನವಾಗುತ್ತದೆ. ಓಹಾಯೋದ ಮಾರ್ಚ್ ಹಾಗೆಯೇ, ಮೂರು ದಿನ ಬಿಸಿಲು ತೋರಿಸಿ ನಾಲ್ಕನೆಯ ದಿನ ಮತ್ತೆ ಸ್ವೆಟರ್ ಹಾಕಿಸುತ್ತದೆ.

ಬಿಸಿಗಿಂತ ಮುಖ್ಯ ಹರಿವು. ವಾಟರ್‌ವಿಲ್ ಊರಲ್ಲಿ ನದಿ ಅಳೆಯುವ ಸರ್ಕಾರಿ ಕೇಂದ್ರವಿದೆ. ಅದರ ಅಂಕಿ ದಿನವೂ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಊರಲ್ಲಿ ಮಳೆಗಾಲ ಬಂದರೆ ತುಂಗಾ ಡ್ಯಾಂಗೆ ಎಷ್ಟು ಕ್ಯೂಸೆಕ್ ಒಳಹರಿವು ಅಂತ ಪೇಪರ್ ನೋಡುತ್ತಿದ್ದೆವಲ್ಲ, ಇಲ್ಲೂ ಅದೇ ಕ್ಯೂಸೆಕ್. ಹಿಮ ಕರಗಿದ ಮೇಲೆ ಜೋರು ಮಳೆ ಬಿದ್ದರೆ ಮಾಮೀ 50,000 ಕ್ಯೂಸೆಕ್ ದಾಟುವುದು ಹೊಸದಲ್ಲ. ಆಗ ದಡದಲ್ಲಿ ನಿಲ್ಲುವುದಕ್ಕೂ ಜಾಗವಿರುವುದಿಲ್ಲ. ಅಂಕಿ ದಿನದಿಂದ ದಿನಕ್ಕೆ ಇಳಿಯುತ್ತಾ ಬರುವುದನ್ನು ಕಾಯಬೇಕು. ಇಳಿಯುವ ನೀರು, ತಿಳಿಯಾಗುವ ನೀರು, ನಿಧಾನಕ್ಕೆ ಬಿಸಿಯಾಗುವ ನೀರು. ಈ ಮೂರೂ ಕೂಡಿದ ದಿನ ಆಫೀಸಿಗೆ ರಜೆ ಹಾಕಿ ಬಾ. ನೀರು ಪೂರ್ತಿ ತಿಳಿಯಾಗಲಿ ಅಂತ ಮಾತ್ರ ಕಾಯಬೇಡ. ವಾಲೈ ಕಣ್ಣಿನೊಳಗೆ ಬೆಳಕನ್ನು ಹಿಂದಕ್ಕೆ ಎಸೆಯುವ ಪದರವಿದೆ. ಸ್ವಲ್ಪ ಕದಡಿದ ನೀರಲ್ಲಿ, ಮಬ್ಬು ಬೆಳಕಲ್ಲಿ ಅದಕ್ಕೆ ಚೆನ್ನಾಗಿ ಕಾಣುತ್ತದೆ.

ಗಾಳಿಯ ಕತೆ ಮೊದಮೊದಲು ನನಗೆ ನಂಬಲಾಗಿರಲಿಲ್ಲ. ನೈರುತ್ಯದಿಂದ ಜೋರು ಗಾಳಿ ಎರಡು ದಿನ ಬೀಸಿದರೆ ಈರೀಯ ನೀರು ಪೂರ್ವದ ಬಫಲೋ ಕಡೆ ರಾಶಿ ಬೀಳುತ್ತದೆ. ತಟ್ಟೆ ಓರೆ ಮಾಡಿದ ಹಾಗೆ. ಟೊಲೀಡೊ ಕಡೆ ಸರೋವರವೇ ಕೆಳಗಿಳಿಯುತ್ತದೆ, ಪೆರಿಸ್‌ಬರ್ಗ್‌ನ ಕೆಳಗಿನ ನದಿಯೂ ಜೊತೆಗೆ ಇಳಿಯುತ್ತದೆ. ಈಶಾನ್ಯ ಗಾಳಿ ಬೀಸಿದರೆ ಉಲ್ಟಾ, ನೀರು ಒಳಗೆ ತಳ್ಳಿಕೊಂಡು ಬರುತ್ತದೆ. ಆದ್ದರಿಂದ ಎದೆಮಟ್ಟದ ರಬ್ಬರ್ ಪ್ಯಾಂಟ್ ಹಾಕಿ ಸೈಡ್ ಕಟ್ ಪಾರ್ಕಿನಿಂದ ಬ್ಲೂಗ್ರಾಸ್ ನಡುಗಡ್ಡೆಗೆ ದಾಟುವ ಮುಂಚೆ ಹವಾಮಾನ ನೋಡಲೇಬೇಕು. ನೀನು ತುಂಗೆಯಲ್ಲಿ ಈಜಿದವನು, ನನಗೆ ಗೊತ್ತು. ಆದರೆ ಆರು ಡಿಗ್ರಿ ನೀರಲ್ಲಿ ಕೈಕಾಲು ನಿಮಿಷಗಳಲ್ಲಿ ಮರಗಟ್ಟುತ್ತವೆ. ಲೈಫ್ ಜಾಕೆಟ್ ಇಲ್ಲದೆ ನಿನ್ನನ್ನು ನೀರಿಗೆ ಇಳಿಸುವುದಿಲ್ಲ.

ನದಿ ಇಷ್ಟು ಬೇಗ ರಾಡಿಯಾಗುವುದಕ್ಕೆ ಒಂದು ಹಳೆ ಕಾರಣವಿದೆ. ಈ ಕಡೆಯ ನೆಲ ಹಿಂದೆ ಗ್ರೇಟ್ ಬ್ಲ್ಯಾಕ್ ಸ್ವಾಂಪ್ ಎಂಬ ದೊಡ್ಡ ಜೌಗು ಕಾಡಾಗಿತ್ತು. 19ನೇ ಶತಮಾನದಲ್ಲಿ ಕಾಲುವೆ ತೋಡಿ, ನೆಲದಡಿ ಕೊಳವೆ ಹೂತು ನೀರನ್ನೆಲ್ಲ ಹೊರಹಾಕಿ ಹೊಲ ಮಾಡಿದರು. ಈಗ ಅಲ್ಲಿ ಮೆಕ್ಕೆಜೋಳ, ಸೋಯಾ. ಮಳೆ ಬಿದ್ದರೆ ನೀರು ನಿಲ್ಲುವ ಜಾಗವೇ ಇಲ್ಲ, ಮಣ್ಣು ಗೊಬ್ಬರದ ಸಮೇತ ನೇರ ಮಾಮೀಗೆ. ಗೊಬ್ಬರದಲ್ಲಿರುವ ರಂಜಕ ಸರೋವರ ಸೇರಿ ಬೇಸಿಗೆಯಲ್ಲಿ ಹಸಿರು ಪಾಚಿಯಾಗುತ್ತದೆ. 2014ರ ಆಗಸ್ಟ್‌ನಲ್ಲಿ ಪಾಚಿಯ ವಿಷ ಟೊಲೀಡೊದ ಕುಡಿಯುವ ನೀರಿಗೇ ಸೇರಿ, ಸುಮಾರು ನಾಲ್ಕು ಲಕ್ಷ ಜನಕ್ಕೆ ನಲ್ಲಿ ನೀರು ಕುಡಿಯಬೇಡಿ ಅಂದಿದ್ದರು. ಕುಡಿಯಬೇಡಿ ಅಂದರೆ ಕುದಿಸಿ ಕುಡಿಯುವಂತೆಯೂ ಇರಲಿಲ್ಲ, ಕುದಿಸಿದರೆ ವಿಷ ಇನ್ನೂ ಗಟ್ಟಿಯಾಗುತ್ತದೆ. ಮಾರ್ಚ್‌ನ ಕೆಂಪು ನೀರು ನೋಡಿದಾಗ ಗಾಳದವರು ಒಂದು ವಾರ ಹಾಳಾಯಿತು ಅಂತ ಬೈಯುತ್ತಾರೆ. ನನಗೆ ಆ ನೀರಲ್ಲಿ ಆಗಸ್ಟ್ ತಿಂಗಳು ಕಾಣುತ್ತದೆ.

ಇಷ್ಟಾದರೂ ಮೀನು ಉಳಿದಿದೆ, ಅದು ದೊಡ್ಡ ಮಾತು. 1970ರಲ್ಲಿ ಪಾದರಸದ ಭಯಕ್ಕೆ ಇಲ್ಲಿ ಮೀನುಗಾರಿಕೆ ನಿಲ್ಲಿಸಿದ್ದರು. ವಾಲೈಯ ದಾಯಾದಿ ನೀಲಿ ಪೈಕ್ ಇದೇ ಸರೋವರದಲ್ಲಿ ಪೂರ್ತಿ ಅಳಿದುಹೋಯಿತು, 1983ರಲ್ಲಿ ಅದನ್ನು ಘೋಷಿಸಿದರು. ವಾಲೈ ಮಾತ್ರ ಚೇತರಿಸಿಕೊಂಡಿತು. 2018, 2019, 2021ರಲ್ಲಿ ಮರಿಗಳು ಭರ್ಜರಿಯಾಗಿ ಉಳಿದವು. ಈಗ ನಾವು ಹಿಡಿಯುತ್ತಿರುವುದರಲ್ಲಿ ಹೆಚ್ಚಿನವು ಆ ವರ್ಷಗಳವೇ.

ಅದಕ್ಕೇ ನನ್ನ ಮಾತು. ಹೊಟ್ಟೆ ತುಂಬ ಮೊಟ್ಟೆ ಇರುವ ದೊಡ್ಡ ಹೆಣ್ಣು ಸಿಕ್ಕರೆ ಬಿಟ್ಟುಬಿಡೋಣ. ಕಾನೂನು ಹಾಗೆ ಹೇಳುವುದಿಲ್ಲ, ಇಟ್ಟುಕೊಂಡರೆ ತಪ್ಪೇನೂ ಅಲ್ಲ. ಆದರೆ ಅದರ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇರುತ್ತದೆ. ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಬರುವ ಹತ್ತುಮೀನನ್ನು ಊರವರು ರಾತ್ರಿ ಕತ್ತಿ ಹಿಡಿದು ಕಡಿಯುವುದು ನಾವು ನೋಡಿ ಬೆಳೆದದ್ದು. ಅದರ ಸಾರಿನ ರುಚಿ ನನಗೂ ಗೊತ್ತು. ಈಗ ಗದ್ದೆಗೆ ಹತ್ತುವ ಮೀನು ಎಷ್ಟು ಕಡಿಮೆಯಾಗಿದೆ ಅಂತ ಊರಿಗೆ ಫೋನ್ ಮಾಡಿದಾಗೆಲ್ಲ ಕೇಳುತ್ತೇನೆ. ಅದೇ ತೀರ್ಥಹಳ್ಳಿ ಹತ್ತಿರ ಚಿಪ್ಪಲಗುಡ್ಡೆಯಲ್ಲಿ ಯಾರೂ ಮುಟ್ಟದ ಮೀನುಗಳಿಗೆ ನಾವೇ ಮಂಡಕ್ಕಿ ಹಾಕಿ ಬಂದಿಲ್ಲವೇ? ಒಂದೂವರೆ ಅಡಿಯ ಗಂಡು ಮೀನು ಊಟಕ್ಕೆ ಸಾಕು. ಮುಳ್ಳು ಕಡಿಮೆ, ಮಾಂಸ ಬೆಳ್ಳಗೆ, ರವೆ ಹಚ್ಚಿ ಕರಿದರೆ ಬಹಳ ಚೆನ್ನ.

ನಿಯಮ ಚಿಕ್ಕದಾಗಿ ಹೇಳುತ್ತೇನೆ. ಲೈಸೆನ್ಸ್ ಬೇಕೇಬೇಕು. ಈ ಕಾಲದಲ್ಲಿ ಮಾಮೀಯಲ್ಲಿ ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮುಂಚೆ ಮಾತ್ರ ಹಿಡಿಯಬಹುದು. ಒಂದೇ ಮುಳ್ಳಿನ ಸಣ್ಣ ಗಾಳ. ಬಾಯಿಗೆ ಸಿಕ್ಕದೆ ಮೈಗೆ ಸಿಕ್ಕ ಮೀನನ್ನು ತಕ್ಷಣ ಬಿಡಬೇಕು. 15 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ. ದಿನಕ್ಕೆ ಎಷ್ಟು ಅನ್ನುವುದು ಆಗಾಗ ಬದಲಾಗುತ್ತದೆ, ಲೈಸೆನ್ಸ್ ತೆಗೆಯುವಾಗಲೇ ನೋಡಿಕೋ. ರಾಡ್, ಸೀಸದ ಗುಂಡು, ಬಣ್ಣದ ಪ್ಲಾಸ್ಟಿಕ್ ಹುಳ ಎಲ್ಲ ನನ್ನ ಹತ್ತಿರ ಇದೆ. ರಬ್ಬರ್ ಪ್ಯಾಂಟ್ ಮಾತ್ರ ನಿನ್ನ ಅಳತೆಯದು ಬೇಕು, ಕಾಲಿನ ಸೈಜ್ ಕಳಿಸು.

ಮಾಮೀ ತುಂಬಿ ಹರಿಯುತ್ತಿದ್ದರೆ ಫ್ರೀಮಾಂಟ್‌ಗೆ, ಸ್ಯಾಂಡಸ್ಕಿ ನದಿಗೆ ಹೋಗೋಣ. ಅಲ್ಲಿ 2018ರಲ್ಲಿ ಹಳೆಯ ಬಾಲ್‌ವಿಲ್ ಅಣೆಕಟ್ಟು ಒಡೆದು ತೆಗೆದ ಮೇಲೆ ಮೀನಿಗೆ ಮೇಲೆ ಹೋಗುವ ದಾರಿ ತೆರೆದಿದೆ. ಬುಧವಾರ ರಾತ್ರಿ ವಾಟರ್‌ವಿಲ್ ಅಂಕಿ ನೋಡಿ ಫೋನ್ ಮಾಡು. ಇಳಿಮುಖ ಇದ್ದರೆ ಶುಕ್ರವಾರ ಸಂಜೆಯೇ ಹೊರಟು ಬಾ, ಮನೆಯಲ್ಲಿ ಉಳಿಯಬಹುದು. ಬರುವಾಗ ಅಲ್ಲಿಯ ಇಂಡಿಯನ್ ಅಂಗಡಿಯಿಂದ ಸಣ್ಣ ರವೆ ತಾ, ಇಲ್ಲಿ ಮುಗಿದಿದೆ.

ನಿನ್ನ ಗೆಳೆಯ