ಮೂಗು, ಮೂಸು, ಮೂಸ್

ಕೆನಡಾದ ಥಂಡರ್ ಬೇ ಊರಿನ ನಮ್ಮ ಕನ್ನಡ ಸಂಘದ ಎಲ್ರಿಗೂ ನಮಸ್ಕಾರ, ರಾಜ್ಯೋತ್ಸವದ ಶುಭಾಶಯ. ಈಗ ರಾತ್ರಿ ಹನ್ನೊಂದೂ ಮುಕ್ಕಾಲು. ಬೆಳಿಗ್ಗೆ ಏಳಕ್ಕೆ ಸುದ್ದಿಪತ್ರದ ಪಿಡಿಎಫ್ ಪ್ರಿಂಟಿಗೆ ಹೋಗ್ಬೇಕು, ಈ ಪುಟದಲ್ಲಿ ಇನ್ನೂ "ಸಂಪಾದಕೀಯ ಇಲ್ಲಿ" ಅಂತ ಹೋದ ವಾರ ನಾನೇ ಹಾಕಿದ ಹಳದಿ ಡಬ್ಬಿ ಕೂತಿದೆ. ಕನ್ನಡದ ಹಿರಿಮೆ ಬಗ್ಗೆ ಬರೆಯೋಣ ಅಂತಿದ್ದೆ, ಆದ್ರೆ ಅದನ್ನ ಹೋದ ವರ್ಷ ಬರೆದಾಗಿದೆ, ಅದರ ಹಿಂದಿನ ವರ್ಷವೂ ಬರೆದಾಗಿದೆ, ಎರಡೂ ವರ್ಷ ಒಂದೇ ಪ್ಯಾರಾ ಅಚ್ಚಾದ್ರೂ ಒಬ್ರೂ ಫೋನ್ ಮಾಡ್ಲಿಲ್ಲ, ಆಗ ಗೊತ್ತಾಯ್ತು ನನಗೆ ನಿಮ್ಮ ಓದು.

ಹೋದ ಭಾನುವಾರ ಕನ್ನಡ ಕ್ಲಾಸಲ್ಲಿ ಮಕ್ಕಳಿಗೆ 'ಮೂ' ಹೇಳಿಕೊಡ್ತಿದ್ದೆ. ಮೂಗು, ಮೂಲೆ, ಮೂಟೆ. ಮೂಗಿಂದ ಏನ್ ಮಾಡ್ತೀವಿ ಅಂದೆ, ಮೂಸ್ತೀವಿ ಅಂದ್ವು ಮಕ್ಕಳು. ಹಿಂದಿನ ಬೆಂಚಿನ ಏಳು ವರ್ಷದ ಪುಟ್ಟಿ ಕೈ ಎತ್ತಿ, "ಅಂಕಲ್, ಅದಕ್ಕೇನಾ ಮೂಸ್‌ಗೆ ಅಷ್ಟು ದೊಡ್ಡ ಮೂಗು ಇರೋದು?" ಅಂತು. ಎಲ್ಲಾ ನಕ್ಕರು. (ಮೂಸ್ ಅಂದ್ರೆ ಇಲ್ಲಿನ ಕಾಡಲ್ಲಿರೋ ಭಾರೀ ಗಾತ್ರದ ಜಿಂಕೆ ಜಾತಿ ಪ್ರಾಣಿ.) ನಾನು ದೊಡ್ಡ ಮೇಷ್ಟ್ರ ಥರ, ಇಲ್ಲಮ್ಮ ಅದು ಇಲ್ಲಿನ ಮೂಲ ಜನರ ಮಾತು, ಅನಿಶಿನಾಬೆಯವರು 'ಮೂಝ್' ಅಂತಾರೆ, ಇಂಗ್ಲಿಷಿನೋರು ಅಂಥ ಮಾತಿಂದಾನೇ ತಗೊಂಡ್ರು ಅಂದೆ. ಆದ್ರೆ ಮನೆಗೆ ಡ್ರೈವ್ ಮಾಡ್ತಾ ಪುಟ್ಟಿ ಹೇಳಿದ್ದೇ ಸರಿ ಅನ್ನಿಸ್ತು, ಯಾಕಂದ್ರೆ ಹೋದ ವರ್ಷ ಒಂದು ಮೂಸ್ ನಮ್ಮನ್ನ ಮೂಸೋಕೆ ಅಂತ್ಲೇ ಕಾಡಿಂದ ಹೊರಗೆ ಬಂದಿತ್ತು. ಆ ಕತೆ ಅರ್ಧ ಜನಕ್ಕೆ ಗೊತ್ತು, ಇನ್ನರ್ಧಕ್ಕೆ ತಪ್ಪು ಗೊತ್ತು. (ನಾನು ಗುಂಡು ಹೊಡೆದೆ ಅಂತ ವಾಟ್ಸಾಪಲ್ಲಿ ಹಾಕಿದ್ದು ಯಾರು ಅಂತ ನನಗೆ ಗೊತ್ತಿದೆ. ನಾನು ದೋಣಿಗೆ ಹುಟ್ಟು ಹಾಕಿದೆ ಅಷ್ಟೇ.) ಸಸ್ಯಾಹಾರಿ ಸದಸ್ಯರು ಇಲ್ಲಿಂದ ನೇರ ಸೂಚನೆಗಳ ಪ್ಯಾರಾಗೆ ಹೋಗಬಹುದು, ಬೇಜಾರಿಲ್ಲ.

ನಮ್ಮ ಪಕ್ಕದ ಮನೆ ಅಜ್ಜ ಫಿನ್ಲೆಂಡ್ ಮೂಲದೋರು. ನಮ್ಮ ಥಂಡರ್ ಬೇನಲ್ಲಿ ಫಿನ್ನಿಶ್ ಜನ ಎಷ್ಟು ಅಂತ ಹೇಳೋದೇ ಬೇಡ, 1910ರಲ್ಲಿ ಕಟ್ಟಿದ ಅವರ ಲೇಬರ್ ಟೆಂಪಲ್ ಅನ್ನೋ ಕಾರ್ಮಿಕರ ಭವನ 2021ರ ಡಿಸೆಂಬರಲ್ಲಿ ಸುಟ್ಟು ಹೋದಾಗ ಈ ಅಜ್ಜ ಗ್ಯಾರೇಜಲ್ಲಿ ಕೂತು ಅತ್ತಿದ್ದು ನಾನು ನೋಡಿದೀನಿ. ಅವರ ತಾತ ಮರ ಕಡಿಯೋ ಕ್ಯಾಂಪಿಗೆ ಬಂದೋರು, ಇವರು ಪೇಪರ್ ಮಿಲ್ಲಲ್ಲಿ ದುಡಿದೋರು. ಹೋದ ವರ್ಷ ಆಯುಧಪೂಜೆ ದಿನ ನಾನು ಡ್ರೈವ್‌ವೇಲಿ ಕಾರಿಗೆ ಕುಂಕುಮ ಇಟ್ಟು ಟೈರ್ ಕೆಳಗೆ ನಿಂಬೆಹಣ್ಣು ಇಡ್ತಿದ್ದೆ, ಬೇಲಿ ಆಚೆಯಿಂದ ಏನಿದು ಅಂದ್ರು. ಕೆಲಸಕ್ಕೆ ಬರೋ ಸಾಮಾನಿಗೆಲ್ಲಾ ಇವತ್ತು ಪೂಜೆ ಅಂದೆ. ಒಳಗೆ ಹೋಗಿ ಉದ್ದದ ಒಂದು ಕೇಸ್ ತಂದು ನಮ್ಮ ಗ್ಯಾರೇಜಲ್ಲಿ ಬಿಚ್ಚಿ, "ಹಂಗಾದ್ರೆ ಇದಕ್ಕೂ ಮಾಡು" ಅಂದ್ರು.

ಸ್ಯಾವೇಜ್ 99 ಕೋವಿ. ಅವರಪ್ಪ 1930ರ ದಶಕದಲ್ಲಿ ತಗೊಂಡಿದ್ದಂತೆ. ಸಿನಿಮಾದ ಕೌಬಾಯ್‌ಗಳು ಕೆಳಗಿನ ಹಿಡಿ ಹಿಂಗೆ ಟಕ್ ಅಂತ ಇಳಿಸಿ ಏರಿಸ್ತಾರಲ್ಲ, ಆ ಜಾತಿಯ ಲಿವರ್ ಕೋವಿ. ಆದ್ರೆ ಕೌಬಾಯ್ ವಿಂಚೆಸ್ಟರಲ್ಲಿ ತೋಟಾಗಳು ನಳಿಗೆ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಮಲಗಿರ್ತವೆ, ಹಿಂದಿನದರ ಮೂತಿ ಮುಂದಿನದರ ಕೇಪಿಗೆ ತಾಗಿಕೊಂಡು, ಅದಕ್ಕೆ ಅದರಲ್ಲಿ ಚೂಪು ಗುಂಡು ಹಾಕಂಗಿಲ್ಲ, ಒಳಗೇ ಸಿಡಿದ್ರೆ ಕಷ್ಟ. ಇದರಲ್ಲಿ ಹೊಟ್ಟೆಯೊಳಗೆ ತಿರುಗೋ ಚಕ್ರ, ಐದು ತೋಟಾ ಐದು ತೊಟ್ಟಿಲಲ್ಲಿ ಮಲಗಿದಂಗೆ ಬೇರೆ ಬೇರೆ ಇರ್ತವೆ. ಎಡ ಮಗ್ಗುಲಲ್ಲಿ ಕಡಲೆಬೇಳೆ ಗಾತ್ರದ ಒಂದು ಕಿಂಡಿ, ಅದರೊಳಗೆ ಹಿತ್ತಾಳೆ ಮೇಲೆ ಕೆತ್ತಿದ ಅಂಕಿ. ಒಳಗೆ ಎಷ್ಟು ತೋಟಾ ಇದೆ ಅಂತ ಆ ಅಂಕಿಯೇ ಹೇಳುತ್ತೆ. ನಮ್ಮನೆಯವಳು ಅರಿಶಿನ ಕುಂಕುಮ ತಂದು ಮರದ ಹಿಡಿಗೆ ಇಟ್ಟಳು. ಅಜ್ಜ ಒರೆಸ್ಕೊಳ್ಳಲಿಲ್ಲ.

ಪೂಜೆ ಮಾಡ್ಸಿದ್ದಕ್ಕೆ ದಕ್ಷಿಣೆ ಅನ್ನೋ ಥರ, "ನನ್ನ ಜೊತೆ ಬರ್ತೀಯಾ, ಹಿಂದೆ ಕೂತು ಹುಟ್ಟು ಹಾಕೋಕೆ ಒಬ್ಬ ಬೇಕು" ಅಂತ ಕರೆದ್ರು. 2021ರಿಂದ ನಮ್ಮ ಒಂಟಾರಿಯೋ ಪ್ರಾಂತ್ಯದಲ್ಲಿ ಮೂಸ್ ಟ್ಯಾಗಿಗೆ, ಅಂದ್ರೆ ಒಂದು ಮೂಸ್ ಹೊಡೆಯೋ ಪರವಾನಗಿ ಚೀಟಿಗೆ, ಲಾಟರಿ ಹೋಗಿ ಪಾಯಿಂಟ್ ಲೆಕ್ಕ ಬಂದಿದೆ, ಅಜ್ಜ ಪಾಯಿಂಟ್ ಕೂಡಿಟ್ಟು ಕೂಡಿಟ್ಟು ಆ ವರ್ಷ ಗಂಡು ಮೂಸಿನ ಟ್ಯಾಗ್ ಸಿಕ್ಕಿತ್ತು, ಜೊತೆಗೆ ಹೋಗ್ತಿದ್ದ ಗೆಳೆಯ ತೀರಿಕೊಂಡಿದ್ರು. ನಾನು ಹೂಂ ಅಂದೆ. ಸೊಂಟದಿಂದ ಮೇಲೆ ಕಮ್ಮಿ ಅಂದ್ರೆ 400 ಚದರ ಇಂಚು ಕಿತ್ತಳೆ ಬಣ್ಣ, ತಲೆಗೂ ಅದೇ ಬಣ್ಣ, ಕಾನೂನು ಹಂಗಿದೆ. ಹಾಕ್ಕೊಂಡು ನಿಂತ್ರೆ ನನ್ನ ಮಗ "ಅಪ್ಪ ಗಣಪತಿ ಬಿಡೋಕೆ ಹೊರಟಂಗಿದೆ" ಅಂದ.

527ರ ರಸ್ತೆ ಹಿಡಿದು ಆರ್ಮ್‌ಸ್ಟ್ರಾಂಗ್ ಕಡೆ ಉತ್ತರಕ್ಕೆ ಹೋಗಿ, ಮರದ ಲಾರಿ ಓಡಾಡೋ ಮಣ್ಣು ದಾರಿ ಹಿಡಿದು, ಅಲ್ಲಿಂದ ಕನೂ ಅನ್ನೋ ಹಗುರ ದೋಣಿ. ಕೆರೆ ಹೆಸರು ಹೇಳಲ್ಲ, ಅಜ್ಜನಿಗೆ ಮಾತು ಕೊಟ್ಟಿದೀನಿ. ನಡುವೆ ಮುನ್ನೂರು ಮೀಟರ್ ಪೋರ್ಟೇಜ್ ಇತ್ತು, ಕನೂನ ತಲೆ ಮೇಲೆ ಕವುಚಿಕೊಂಡು ನಡೆಯೋದು, ಮಳೆಗಾಲದಲ್ಲಿ ನಮ್ಮೂರಲ್ಲಿ ಗೊರಬು ಹಾಕ್ಕೊಂಡು ಗದ್ದೆ ಬದು ಮೇಲೆ ನಡೆದಂಗೆ, ಕಾಲು ಬಿಟ್ಟು ಬೇರೇನೂ ಕಾಣಲ್ಲ.

ಮೂಸಿಗೆ ಕಣ್ಣು ಅಷ್ಟಕ್ಕಷ್ಟೆ, ಕಿವಿ ಭಾಳ ಚುರುಕು, ಮೂಗು ಅದಕ್ಕಿಂತ ಚುರುಕು. ಅದಕ್ಕೇ ಕನೂ. ಕಾಲಡಿ ಕಡ್ಡಿ ಮುರಿಯಲ್ಲ, ಮೋಟಾರ್ ಸದ್ದಿಲ್ಲ, ಹುಟ್ಟನ್ನ ನೀರಿಂದ ಮೇಲೆತ್ತದೆ ಒಳಗೇ ತಿರುಗಿಸಿ ಹಾಕೋದು ಕಲಿತ್ರೆ ತೊಟ್ಟಿಕ್ಕೋ ಸದ್ದೂ ಇಲ್ಲ. ನಾನು ಮೊದಲ ದಿನ ಮೂರು ಸಲ ಹುಟ್ಟನ್ನ ಅಂಚಿಗೆ ಬಡಿದೆ, ಅಜ್ಜ ಹಿಂದೆ ತಿರುಗಲಿಲ್ಲ, ಬೆನ್ನಲ್ಲೇ ಬೈದ್ರು. ಇನ್ನೊಂದು, ಗಂಡು ಮೂಸ್ ಹೆಣ್ಣಿನ ಕೂಗು ಕೇಳಿದ್ರೂ ನೇರ ಬರಲ್ಲ, ಸುತ್ತು ಹಾಕಿ, ವಾಸನೆ ಗಾಳಿಯಲ್ಲಿ ತೇಲಿ ಬರೋ ಕಡೆಗೆ (ಅದಕ್ಕೆ ಗಾಳಿ ಕೆಳಗೆ ಅಂತೀವಿ) ಬಂದು ಮೂಸಿ ನೋಡುತ್ತೆ. ಗಾಳಿ ಕೆಳಗೆ ಬರೀ ನೀರೇ ಇರೋ ಹಂಗೆ ನಾವು ಕೂತ್ರೆ, ಮೂಸಬೇಕು ಅಂದ್ರೆ ಅದು ಬಯಲಿಗೆ ಬರಲೇಬೇಕು. ಆಟ ಇಷ್ಟೇ.

ಎರಡನೇ ದಿನ ಬೆಳಕು ಹರಿಯೋಕೆ ಮುಂಚೆ. ದಡದ ಹುಲ್ಲಿನ ಬುಡದಲ್ಲಿ ಗಾಜಿನಂಗೆ ತೆಳ್ಳಗೆ ಐಸು, ಕನೂ ಮೂತಿ ತಾಗಿದ ಕಡೆ ಹಪ್ಪಳ ಮುರಿದ ಸದ್ದು. ಅಜ್ಜ ಬರ್ಚ್ ತೊಗಟೆ ಸುತ್ತಿ ಮಾಡಿದ ಕಹಳೆ ತೆಗೆದು, ಮೂಗು ಹಿಡ್ಕೊಂಡು ಊಂ...ಆಂ ಅಂತ ಎಳೆದ್ರು. ನಮ್ಮನೆ ಎಮ್ಮೆ ಬೆದೆಗೆ ಬಂದಾಗ ಕೊಟ್ಟಿಗೇಲಿ ಹಿಂಗೇ ಕೂಗ್ತಿತ್ತು. ಆಮೇಲೆ ಅದೇ ಕಹಳೇಲಿ ನೀರು ಮೊಗೆದು ಎತ್ತರದಿಂದ ಕೆರೆಗೆ ಸುರಿದ್ರು, ಹೆಣ್ಣು ನೀರಲ್ಲಿ ನಿಂತು ಉಚ್ಚೆ ಹೊಯ್ದ ಸದ್ದು. ನನಗೆ ನಗು ತಡೀಲಿಲ್ಲ, ಆದ್ರೆ ನಕ್ಕರೆ ದೋಣಿ ಅಲುಗುತ್ತೆ.

ಆಮೇಲೆ ಒಂದೂವರೆ ಗಂಟೆ ಏನಿಲ್ಲ.

ಆ ಒಂದೂವರೆ ಗಂಟೆ ನಾನು ಕೊಪ್ಪದಲ್ಲಿದ್ದೆ. ದೊಡ್ಡಪ್ಪಯ್ಯನ ಜೊತೆ ಗದ್ದೆ ಮಾಳದಲ್ಲಿ. ಭತ್ತ ಹಾಲು ತುಂಬೋ ಹೊತ್ತಿಗೆ ಹಂದಿ ಕಾಯೋಕೆ ಹೋಗ್ತಿದ್ವಿ, ಕಂಬಳಿ, ಒಂದು ಟಾರ್ಚು, ಬೆಳೆ ರಕ್ಷಣೆ ಲೈಸೆನ್ಸಿನ ಒಂಟಿ ನಳಿಗೆ ಕೋವಿ. ನನಗೆ ಒಂಬತ್ತೋ ಹತ್ತೋ. ಮಾತಾಡಂಗಿಲ್ಲ, ಕೆಮ್ಮಂಗಿಲ್ಲ, ಎಣ್ಣೆ ಹಚ್ಚಿದ ಕೋವಿ ವಾಸನೆ, ಕಂಬಳಿ ವಾಸನೆ, ದೊಡ್ಡಪ್ಪಯ್ಯನ ಎಲೆಅಡಿಕೆ ವಾಸನೆ. ಹಂದಿ ಬಂದ್ರೆ ಆಕಾಶಕ್ಕೊಂದು ಈಡು ಹೊಡೆಯೋರು, ಅಷ್ಟೇ. 1972ರ ವನ್ಯಜೀವಿ ಕಾಯ್ದೆ ಆದ್ಮೇಲೆ ಶಿಕಾರಿ ನಿಂತಿತು ಅಂತ ಬಾಯಲ್ಲಿ ಹೇಳೋರು, ನಾನು ನೋಡಿದ ಮಟ್ಟಿಗೆ ನಿಜವಾಗ್ಲೂ ನಿಂತಿತ್ತು. ಎಲೆಕ್ಷನ್ ಬಂದ್ರೆ ಕೋವಿನ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಚೀಟಿ ತಗೊಂಡು ಬರ್ಬೇಕು, ಎಣಿಕೆ ಮುಗಿದ ಮೇಲೆ ವಾಪಸ್. ಆ ದಿನಗಳಲ್ಲೇ ಹಂದಿ ಜಾಸ್ತಿ. "ಇವಕ್ಕೂ ವೋಟರ್ ಲಿಸ್ಟ್ ಸಿಕ್ಕಿದೆ ಕಣೋ" ಅನ್ನೋರು. ಅವರು ಹೋದ್ಮೇಲೆ ಕೋವಿನ ಸ್ಟೇಷನ್ನಿಗೆ ಕೊಟ್ಟರು. ಅಣ್ಣ ಬೆಂಗಳೂರಲ್ಲಿ, ನಾನು ಇಲ್ಲಿ, ಯಾರೂ ಹೆಸರಿಗೆ ಮಾಡ್ಸ್ಕೊಳ್ಳಲಿಲ್ಲ. ಚೀಟಿ ಇನ್ನೂ ದೊಡ್ಡಮ್ಮನ ಬೀರುವಿನಲ್ಲಿದೆ, ಮದುವೆ ಸೀರೆ ಕೆಳಗೆ.

ಉಂಕ್.

ಮೊದಲು ಕಪ್ಪೆ ಅಂದ್ಕೊಂಡೆ. ಅಜ್ಜನ ಕೇಸರಿ ಟೋಪಿ ಒಂಚೂರು ಎಡಕ್ಕೆ ತಿರುಗ್ತು. ಇನ್ನೊಂದು ಸಲ, ಉಂಕ್, ಆಮೇಲೆ ಪೊದೆಗೆ ಯಾರೋ ಹಲಗೆಯಿಂದ ಬಡಿದಂಗೆ, ಕೊಂಬಿನ ಸದ್ದು. ಅಜ್ಜ ಬೆರಳಲ್ಲಿ ತೋರಿಸಿದ ಕಡೆ ನಾನು ದೋಣೀನ ಬಂಡೆಗೆ ತಾಗಿಸಿ ಹುಟ್ಟನ್ನ ಕೆಸರಿಗೆ ಚುಚ್ಚಿ ಹಿಡಿದೆ. ಕೋವಿ ಅಲ್ಲಿವರೆಗೂ ಖಾಲಿ, ದೋಣೀಲಿ ಲೋಡ್ ಮಾಡಲ್ಲ ಅನ್ನೋದು ಅಜ್ಜನ ಸ್ವಂತ ಕಾನೂನು. ಎಂಬತ್ತರ ಹತ್ತಿರದ ಮನುಷ್ಯ, ಬೆಕ್ಕಿನಂಗೆ ಬಂಡೆ ಮೇಲೆ ಇಳಿದು, ಒಂದೊಂದೇ ತೋಟಾ ಹೆಬ್ಬೆರಳಲ್ಲಿ ಒತ್ತಿದ್ರು. ಕಿಂಡಿಯಲ್ಲಿ 5. ಲಿವರ್ ಮುಚ್ಚಿದ್ರು, 4. ಆ ಅಂಕಿ ಪಕ್ಕದಲ್ಲಿ ನಮ್ಮನೆ ಕುಂಕುಮ.

ಅದು ಬಂದಿದ್ದು ಅಜ್ಜ ಹೇಳಿದ ಹಂಗೇ, ಸುತ್ತು ಹಾಕಿ, ಮೂಸೋಕೆ. ಮಂಜಲ್ಲಿ ಮೊದಲು ಕೊಂಬು ಕಾಣಿಸ್ತು, ಎರಡು ಮೊರ ಗಾಳಿಯಲ್ಲಿ ತೇಲಿ ಬಂದಂಗೆ, ಆಮೇಲೆ ಆ ಮೂಗು. ಕಡವೆ ನೋಡಿದೀನಿ ನಾನು, ಕಾಟಿನೂ ನೋಡಿದೀನಿ, ಆದ್ರೆ ಇಷ್ಟು ಉದ್ದ ಕಾಲಿನ ಮೇಲೆ ಅಷ್ಟು ದೊಡ್ಡ ಮೈ ನೋಡಿರ್ಲಿಲ್ಲ. ಎಪ್ಪತ್ತು ಗಜ ಇರಬಹುದು. ದಡದ ಹುಲ್ಲಲ್ಲಿ ನಿಂತು ಮೂಗು ಮೇಲೆತ್ತಿ, ಮೇಲ್ದುಟಿ ಅಲ್ಲಾಡಿಸ್ತಾ, ಪಕ್ಕ ತಿರುಗ್ತು. ಒಂದೇ ಈಡು. ಸದ್ದು ಕೆರೆ ಆಚೆ ಹೋಗಿ ವಾಪಸ್ ಬಂತು. ಮೂಸ್ ಏನೂ ಆಗದಂಗೆ ಹತ್ತು ಹೆಜ್ಜೆ ನಡೆದು ಪೊದೆ ಒಳಗೆ ಹೋಯ್ತು, ನಾನು ತಪ್ಪಿತು ಅಂದ್ಕೊಂಡೆ. ಅಜ್ಜ ಲಿವರ್ ಎಳೆದು ಮುಚ್ಚಿ, ಕೂತ್ಕೊಂಡು, ಫ್ಲಾಸ್ಕಿಂದ ಕಾಫಿ ಸುರಿದ್ರು. ಅರ್ಧ ಗಂಟೆ ಕಾದ್ವಿ. ಹೋಗಿ ನೋಡಿದ್ರೆ ಅಲ್ಲೇ ಮಲಗಿತ್ತು.

ಅಜ್ಜ ಜೇಬಿಂದ ಒಂದು ಚಿಟಿಕೆ ಹೊಗೆಸೊಪ್ಪು ತೆಗೆದು ಅದರ ತಲೆ ಹತ್ತಿರ ನೆಲದ ಮೇಲಿಟ್ಟು ಟೋಪಿ ತೆಗೆದ್ರು. ಮಿಲ್ಲಲ್ಲಿ ಜೊತೆಗಿದ್ದ ಅನಿಶಿನಾಬೆ ಗೆಳೆಯ ಕಲಿಸಿದ್ದಂತೆ, ತಗೊಂಡಿದ್ದಕ್ಕೆ ಕೊಡಬೇಕು ಅಂತ. ನಮ್ಮೂರಲ್ಲಾದ್ರೆ ಚೌಡಿಗೆ ಕಾಯಿ. ನಾನೂ ಟೋಪಿ ತೆಗೆದೆ, ಆಮೇಲೆ ಕಾನೂನು ನೆನಪಾಗಿ ಮತ್ತೆ ಹಾಕ್ಕೊಂಡೆ.

ಟ್ಯಾಗಿಗೆ ದಿನ ಹೊತ್ತು ಗುರುತು ಹಾಕಿ ಶುರು ಮಾಡಿದ್ದು ಕೆಲಸ. ನಾನೂರೈವತ್ತು ಕೆಜಿ ಮೇಲಿನ ಪ್ರಾಣಿ, ಚಳಿ ಇದ್ರೂ ಆ ದಪ್ಪ ಚರ್ಮದೊಳಗೆ ಬಿಸಿ ಹಂಗೇ ಇರುತ್ತೆ, ಬೇಗ ಬಿಚ್ಚದಿದ್ರೆ ಮಾಂಸ ಕೆಡುತ್ತೆ. ಬೂದು ಬಣ್ಣದ ಒಂದು ಹಕ್ಕಿ ಕೈಯಳತೆಗೆ ಬಂದು ಕೂತು ಕೊಬ್ಬು ಕಿತ್ಕೊಂಡು ಹೋಗ್ತಿತ್ತು, ವಿಸ್ಕಿ ಜ್ಯಾಕ್ ಅಂತಾರೆ, ವಿಸ್ಕಿಗೂ ಅದಕ್ಕೂ ಸಂಬಂಧ ಇಲ್ಲ, ಕ್ರೀ ಜನರ ವಿಸಾಕೆಜಾಕ್ ಅನ್ನೋ ತುಂಟ ದೇವರ ಹೆಸರು ಹಿಂಗಾಗಿದೆ. ಒಂದು ಹಿಂದಿನ ತೊಡೆ ಎತ್ತೋಕೆ ಹೋಗಿ ನಾನು ಮೊಣಕಾಲೂರಿದೆ. ಕನೂಗೆ ತುಂಬಿದ್ರೆ ಅಂಚಿಗೂ ನೀರಿಗೂ ನಾಲ್ಕು ಬೆರಳು. ಮೂರು ಟ್ರಿಪ್ಪು, ಪೋರ್ಟೇಜಲ್ಲಿ ಒಂಬತ್ತು ಸಲ ಹೋಗಿ ಬಂದೆ, ಎರಡು ದಿನ. "ಹೊಡೆಯೋಕೆ ನಾನೊಬ್ಬನೇ ಸಾಕು, ನಿನ್ನ ಕರೆದಿದ್ದು ಇದಕ್ಕೆ" ಅಂದ್ರು ಅಜ್ಜ. ಸಂಘದ ಸುದ್ದಿಪತ್ರವೂ ಹಿಂಗೇ ಸ್ವಾಮಿ, ಬರೆಯೋದು ಒಂದು ರಾತ್ರಿ, ಹೊರೋದು ಒಂದು ತಿಂಗಳು. ಆರು ವರ್ಷ ಆಯ್ತು, ಜೊತೆಗೆ ಹೊರೋಕೆ ಒಬ್ರು ಬನ್ನಿ ಅಂತ ಎಷ್ಟು ಸಲ ಕೇಳೋದು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಯೂನಿಕೋಡಿಗೆ ಬಂದಾಗ ಒತ್ತಕ್ಷರ ಎಲ್ಲಾ ಒಡೆದು ಹೋಗಿರುತ್ತೆ, ಒಬ್ರು ಲೇಖನ ಅಂತ ಹನ್ನೊಂದು ನಿಮಿಷದ ವಾಯ್ಸ್ ಮೆಸೇಜ್ ಕಳ್ಸಿದ್ರು, ಅದನ್ನೂ ಕೂತು ಟೈಪ್ ಮಾಡಿದೀನಿ. ಇರಲಿ.

ಅಜ್ಜ ನಮಗೂ ಪಾಲು ಕೊಟ್ಟರು, ಊರಲ್ಲಿ ನಾಯಿಗೂ ಪಾಲು ಇರ್ತಿತ್ತಲ್ಲ ಹಂಗೆ. ಇಲ್ಲಿ ಕಾಡುಮಾಂಸ ಮಾರಂಗಿಲ್ಲ, ಕೊಡಬಹುದು. ಸಂಘದ ಕೊಡಗಿನ ಮನೆಯವರು ಒಂದು ಬಾಟಲ್ ಕಾಚಂಪುಳಿ, ಅವರ ಕಡೆಯ ಕಪ್ಪು ಹುಳಿ, ತಂದುಕೊಟ್ಟರು, ಕಡುಬು ಮಾಡಿ ತಿಂದ್ವಿ. ಅಜ್ಜ ಖಾರಕ್ಕೆ ಕಣ್ಣೀರು ಹಾಕ್ತಾ ಏಳು ಕಡುಬು.

ಸೂಚನೆಗಳು, ಜಾಗ ಕಮ್ಮಿ ಇದೆ ಒಂದೇ ಉಸಿರಿಗೆ ಹೇಳ್ತೀನಿ: ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ ಸಂಜೆ 4ಕ್ಕೆ, ಅದೇ ಹಾಲ್, 4 ಅಂದ್ರೆ 4, ಹಾಲ್ ಬಾಡಿಗೆ ಗಂಟೆ ಲೆಕ್ಕ, ಪಾಟ್‌ಲಕ್ಕಿಗೆ ಚಿತ್ರಾನ್ನ ಈಗಾಗಲೇ ಐದು ಮನೆಯಿಂದ ಬರ್ತಿದೆ, ದಯವಿಟ್ಟು ಬೇರೆ ಏನಾದ್ರೂ, ತಟ್ಟೆ ಲೋಟ ಮನೆಯಿಂದ, ಕುರ್ಚಿ ಜೋಡಿಸಿ ವಾಪಸ್ ಇಡೋಕೆ ಹೋದ ಸಲ ನಾಲ್ಕೇ ಜನ ಉಳಿದಿದ್ರು ಅನ್ನೋದು ಖಜಾಂಚಿಗಳು ಬರೆಯೋಕೆ ಹೇಳಿದ್ದು, ವಾರ್ಷಿಕ ಚಂದಾ 40 ಡಾಲರ್ ಬಾಕಿ ಇರೋರ ಹೆಸರು ಹಾಕಲ್ಲ ಅಂತ ಕಮಿಟಿ ತೀರ್ಮಾನ, ನಿಮಗೇ ಗೊತ್ತಿದೆ, ಕನ್ನಡ ಕ್ಲಾಸ್ ಭಾನುವಾರ 11ಕ್ಕೆ, ನಮ್ಮ ತಬಲಾ ಬಾರಿಸ್ತಿದ್ದ ಕುಟುಂಬ ಕ್ಯಾಲ್ಗರಿಗೆ ಹೋಗ್ತಿದೆ, ಬೀಳ್ಕೊಡುಗೆ ಅದೇ ದಿನ, ತಬಲಾ ಬರೋರು ಯಾರಾದ್ರೂ ಇದ್ರೆ ಸುಮ್ನೆ ಕೂರಬೇಡಿ.

ಈ ವರ್ಷ ಆಯುಧಪೂಜೆಗೆ ಅಜ್ಜ ತಾವೇ ಕೇಸ್ ಹಿಡ್ಕೊಂಡು ಬಂದ್ರು, ಕೋಲೂರಿಕೊಂಡು, ಸೊಂಟದ ಆಪರೇಷನ್ ಆಗಿದೆ, ಕನೂ ಹತ್ತೋ ಹಂಗಿಲ್ಲ. ಹಳೇ ಕುಂಕುಮ ಮರದ ಗೀರಿನಲ್ಲಿ ಕೂತೇ ಇತ್ತು, ನಮ್ಮನೆಯವಳು ಅದರ ಮೇಲೇ ಹೊಸದು ಇಟ್ಟಳು. ಹೋಗ್ತಾ ಗ್ಯಾರೇಜಿನ ಮೇಜಿನ ಮೇಲೆ ಫೈರ್‌ಆರ್ಮ್ಸ್ ಸೇಫ್ಟಿ ಕೋರ್ಸಿನ ಪುಸ್ತಕ ಬಿಟ್ಟು ಹೋದ್ರು. ಲೈಸೆನ್ಸ್ ಇಲ್ಲದೆ ಕೊಡಂಗಿಲ್ಲ ನೋಡಿ ಇಲ್ಲೂ. ಅಣ್ಣನಿಗೆ ಫೋನಲ್ಲಿ ಹೇಳಿದೆ, ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಚೀಟಿ ಫೋಟೋ ತೆಗೆದು ಕಳಿಸ್ಲಾ ಅಂದ.

ಕೋರ್ಸ್ ನವೆಂಬರ್ ಕೊನೆಯ ಶನಿವಾರ ಭಾನುವಾರ. ಹಂಗಾಗಿ ಆ ಭಾನುವಾರ ಕನ್ನಡ ಕ್ಲಾಸ್ ತಗೊಳ್ಳೋಕೆ ಒಬ್ರು ಬೇಕು, 'ಯ' ಇಂದ ಶುರು ಮಾಡಿ. ಡಿಸೆಂಬರ್ ಸಂಚಿಕೆಯ ಫೈಲ್ ಪೆನ್ ಡ್ರೈವಲ್ಲಿ ಹಾಕಿ ರಾಜ್ಯೋತ್ಸವದ ದಿನ ಹಾಲಿಗೆ ತರ್ತೀನಿ, ಬಾಗಿಲ ಹತ್ತಿರ ನಿಂತಿರ್ತೀನಿ, ಕೇಸರಿ ಟೋಪಿ ಹಾಕ್ಕೊಂಡು.

ಸಂಪಾದಕ