ಬೆನ್ನ ಹಿಂದೆ ಕೂತಿದ್ದ ಮಾವಂಗೆ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಬರೀಬೇಕು ಅಂತಿದ್ದೆ, ಇವತ್ತು ಬರೀತಾ ಇದೀನಿ. ಮೊನ್ನೆ ಗುರುವಾರ ಸಂಜೆ ನಮ್ಮನೆ ಹಿಂದಿನ ಗದ್ದೇಲಿ ಕಬ್ಬಿನ ತರಗಿಗೆ ಬೆಂಕಿ ಹಾಕಿದ್ರು, ಪಟಪಟ ಅಂತ ಸಿಡೀತಿತ್ತು, ಹೊಗೆ ಜಗಲಿವರ್ಗೂ ಬಂತು, ನಾನು ಜಗಲಿ ಮೇಲೇ ಕೂತಿದ್ದೆ, ಎದ್ದೋಗ್ಲಿಲ್ಲ. ಎದೆ ಹೊಡ್ಕೋತಿತ್ತು ನಿಜ, ಆದ್ರೆ ಕೂತಿದ್ದೆ. ಮಗಳು ಪಕ್ಕದಲ್ಲೇ ಹೋಂವರ್ಕ್ ಮಾಡ್ತಿದ್ಲು, ಅವಳಿಗೆ ಗೊತ್ತೂ ಆಗ್ಲಿಲ್ಲ.

ಸೇನೆ ಸರ್ವೀಸಲ್ಲಿ ಏನಾಯ್ತು, ಊರಿಗೆ ಬಂದ್ಮೇಲೆ ಸಿಡಿಯೋ ಸದ್ದಿಗೆ ಹೆಂಗೆ ಬೆದರ್ತಿದ್ದೆ ಅನ್ನೋದೆಲ್ಲ ನಿಮಗೆ ಗೊತ್ತಿರೋದೇ, ಮತ್ತೆ ಬರಿಯಲ್ಲ. ನೋಡ್ಕೊಂಡ ಡಾಕ್ಟ್ರಿಗೆ, ತಿಂಗಳು ತಿಂಗಳು ಮಂಡ್ಯದಿಂದ ಮೈಸೂರಿಗೆ ಕರ್ಕೊಂಡೋಗಿ ಬಂದ ಬಾಮೈದಂಗೆ, ವಾಟ್ಸಾಪಲ್ಲಿ ನಾನು ರಿಪ್ಲೈ ಮಾಡ್ದಿದ್ರೆ ಫೋನೇ ಮಾಡ್ತಿದ್ದ ಯೂನಿಟ್ ಗೆಳೆಯರಿಗೆ, ಬಾಕಿ ದುಡ್ಡು ಕೇಳ್ದೇ ಸುಮ್ನಿದ್ದ ಗೊಬ್ಬರದಂಗಡಿ ಅಣ್ಣಂಗೆ, ಎಲ್ಲರಿಗೂ ಕೈ ಮುಗೀತೀನಿ. ಹೆಂಡ್ತಿಗೆ ಹೇಳ್ಬೇಕಾದ್ದನ್ನ ಮನೇಲೇ ಹೇಳಿದೀನಿ, ಅದು ಇಲ್ಲಿ ಬರ್ದು ಮುಗಿಯೋದಲ್ಲ.

ಈಗ ಮಾವನ ವಿಷ್ಯ. ನೆಂಟಸ್ತಿಕೇಲಿ ಮಾವ ಅಲ್ಲ, ಪಕ್ಕದ ಗದ್ದೆಯವ್ರು, ಊರಲ್ಲಿ ಎಲ್ರೂ ಮಾವ ಅಂತೀವಿ. ಎರಡು ವರ್ಷದ ಹಿಂದೆ ಕಬ್ಬು ಕಡಿದ್ಮೇಲೆ ರಾತ್ರಿ ತರಗು ಸುಟ್ಟಿದ್ದು ಅವ್ರೇ. ಮಲಗಿದ್ದ ನಾನು ಯಾವಾಗ ಎದ್ದೆ, ಹೆಂಗೆ ಓಡ್ದೆ ಒಂದೂ ನೆನಪಿಲ್ಲ, ನಾಲೆ ಸೇತುವೆ ಕೆಳಗೆ ಮೊಣಕಾಲುದ್ದ ನೀರಲ್ಲಿ ಕೂತಿದ್ದೆ ಅಷ್ಟೇ ಗೊತ್ತು. ಮಾವ ಬ್ಯಾಟ್ರಿ ಹಿಡ್ಕೊಂಡು ಹುಡುಕ್ಕೊಂಡು ಬಂದ್ರು, ನನ್ನ ನೋಡಿದ ತಕ್ಷಣ ಬ್ಯಾಟ್ರಿ ಆರಿಸಿದ್ರು. ಏನೂ ಕೇಳ್ಲಿಲ್ಲ. ಪಂಚೆ ಎತ್ತಿ ಕಟ್ಕೊಂಡು ನೀರಿಗಿಳಿದ್ರು, "ನಾನೂ ಇಲ್ಲೇ ಕೂತ್ಕತೀನಿ ಬುಡ್ಲಾ ಮಗ" ಅಂದ್ರು, ಕೂತ್ರು. ಡಿಸೆಂಬರ್ ಚಳಿ. ಅರವತ್ತೈದು ದಾಟಿದ ಮನುಷ್ಯ ಬೆಳಕು ಹರಿಯೋವರ್ಗೂ ನನ್ನ ಜೊತೆ ನೀರಲ್ಲಿ ಕೂತಿದ್ರು, ನಡುನಡುವೆ ಭತ್ತದ ರೇಟು, ಅವ್ರ ಎಮ್ಮೆ ಗಬ್ಬ ಆಗಿರೋದು, ಹಿಂಗೇ ಏನೇನೋ ಮಾತಾಡ್ತಿದ್ರು. ಆ ರಾತ್ರಿ ನಾನು ಮನೆಗೆ ವಾಪಸ್ ಹೋಗೋ ಲೆಕ್ಕದಲ್ಲಿರ್ಲಿಲ್ಲ. ಇದನ್ನ ಇಲ್ಲಿವರ್ಗೂ ಯಾರಿಗೂ ಹೇಳಿಲ್ಲ, ಹೆಂಡ್ತಿಗೂ ಹೇಳಿದ್ದು ಹೋದ ತಿಂಗಳು.

ಬರೀತಾ ಕೈ ನಡುಗ್ತು, ಟೀ ಕುಡ್ಕೊಂಡು ಬಂದೆ.

ಅದಾದ್ಮೇಲೆ ಮೈಸೂರಲ್ಲಿರೋ ನಮ್ಮ ಹಳೇ ಸಾಹೇಬ್ರು ಫ್ಲೈ ಫಿಶಿಂಗ್ ವಿಷ್ಯ ಹೇಳಿದ್ರು, ಅದೂ ಗಾಳ ಹಾಕಿ ಮೀನು ಹಿಡಿಯೋದೇ, ರೀತಿ ಬೇರೆ. ಅವ್ರು ಕಾಶ್ಮೀರದಲ್ಲಿದ್ದಾಗ ಟ್ರೌಟ್ ಹಿಡೀತಿದ್ದವ್ರು. 2005ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೇಲಿ ಎಡ್ ನಿಕೋಲ್ಸನ್ ಅನ್ನೋ ನಿವೃತ್ತ ನೌಕಾಪಡೆ ಕ್ಯಾಪ್ಟನ್ನು ಗಾಯಾಳು ಸೈನಿಕರಿಗೆ ಇದನ್ನ ಕಲಿಸಕ್ಕೆ ಶುರು ಮಾಡಿದ್ರಂತೆ, ಪ್ರಾಜೆಕ್ಟ್ ಹೀಲಿಂಗ್ ವಾಟರ್ಸ್ ಅಂತ ಅದ್ರ ಹೆಸ್ರು, ಮೊದಲು ಕಲಿತಿದ್ದು ನದೀಲಲ್ಲ, ಆಸ್ಪತ್ರೆ ಹುಲ್ಲಿನ ಮೇಲೆ. ಡಾಕ್ಟ್ರನ್ನ ಕೇಳ್ದೆ, ಮಾತ್ರೆ ಬಿಡ್ದೇ ಮಾಡೋದಾದ್ರೆ ಧಾರಾಳವಾಗಿ ಮಾಡಿ ಅಂದ್ರು. ಸಾಹೇಬ್ರು ತಮ್ಮ ಹಳೇ ರಾಡ್, ಅಂದ್ರೆ ಗಾಳದ ಕೋಲು, ಕೊಟ್ರು. ರಂಗನತಿಟ್ಟು ಕಡೆ ಗಾಳ ಹಾಕಂಗಿಲ್ಲ, ಪಕ್ಷಿಧಾಮ, ಹೊಳೇಲಿರೋ ಬಿಳಿಮೀನಂತೂ (ಮಹಶೀರ್) ಅಳಿದೋಗೋ ಸ್ಥಿತೀಲಿದೆ, ಅದನ್ನ ಮುಟ್ಟೋ ಯೋಚ್ನೇನೇ ಬೇಡ ಅಂತಂದು ನಮ್ಮೂರ ಕೆರೆ ಗುತ್ತಿಗೆಯವ್ರ ಒಪ್ಪಿಗೆ ತಗೊಂಡ್ವಿ. ಅಲ್ಲಿ ಜಿಲೇಬಿ ಮೀನು ಬೇಕಾದಷ್ಟಿದೆ.

ಮಾಮೂಲಿ ಗಾಳದಲ್ಲಿ ಸೀಸದ ಗುಂಡಿನ ತೂಕಕ್ಕೆ ಗಾಳ ದೂರ ಹೋಗುತ್ತೆ. ಇದ್ರಲ್ಲಿ ಗಾಳಕ್ಕೆ ಹೇಳ್ಕೊಳೋ ತೂಕಾನೇ ಇಲ್ಲ, ಹುಳ ಇದ್ದಂಗೆ ಕಾಣ್ಲಿ ಅಂತ ಗರಿ ಸುತ್ತಿರ್ತೀವಿ, ಅದನ್ನೇ ಫ್ಲೈ ಅನ್ನೋದು, ತೂಕ ಇರೋದು ದಾರದಲ್ಲಿ. ರಾಡ್ ಹಿಂದಕ್ಕೆ ಬೀಸಿ ನಿಲ್ಲಿಸ್ಬೇಕು, ದಾರ ಬೆನ್ನ ಹಿಂದೆ ಪೂರ್ತಿ ನೆಟ್ಟಗಾಗೋವರ್ಗೂ ಕಾಯ್ಬೇಕು, ಆಮೇಲೆ ಮುಂದಕ್ಕೆ. ಆತುರ ಪಟ್ರೆ ಚಾಟಿ ಹೊಡ್ದಂಗೆ ಚಟ್ ಅನ್ನುತ್ತೆ, ಆ ಸದ್ದಿಗೆ ನಾನು ಮೊದಲ್ನೇ ದಿನಾನೇ ಏರಿ ಮೇಲೆ ಅಂಗಾತ ಬಿದ್ದೆ. ಬೆನ್ನ ಹಿಂದೆ ಏನೋ ಇದೆ, ಅದನ್ನ ನೋಡ್ದೇ ಕಾಯ್ಬೇಕು ಅನ್ನೋದೇ ನನ್ ಕೈಲಾಗ್ತಿರ್ಲಿಲ್ಲ, ಬಸ್ಸಲ್ಲೂ ನಾನು ಹಿಂದಿನ ಸೀಟಲ್ಲೇ ಕೂರೋನು.

ಮಾರ್ನೇ ದಿನ ಮಾವ ಬಂದ್ರು. ದಾರ ತಾಗ್ದಿರೋ ಹಂಗೆ ಒಂದಿಪ್ಪತ್ತು ಮಾರು ಹಿಂದೆ, ಹುಣಸೆ ಮರದ ಕೆಳಗೆ ಟವಲ್ ಹಾಸ್ಕೊಂಡು ಕೂತ್ರು. "ಹಿಂದ್ಗಡೆ ಯಾರ್ ಬಂದ್ರೂ ನಾನು ಕೂಗ್ತೀನಿ, ನೀನು ನೀರ್ ನೋಡ್ಲಾ" ಅಂದ್ರು. ಅವತ್ತಿಂದ ಹೆಚ್ಚೂಕಮ್ಮಿ ಏಳು ತಿಂಗಳು, ಗದ್ದೆ ಕೆಲ್ಸ ಇದ್ದಾಗ್ಲೂ ಬೆಳಗ್ಗೆ ಒಂದು ಗಂಟೆ ಅಲ್ಲಿ ಕೂತಿರೋರು. ಒಂದಿನ ಒಂದು ಪ್ಲಾಸ್ಟಿಕ್ ಕವರ್ ತಂದ್ಕೊಟ್ರು, ತುಂಬಾ ನಾಟಿ ಹುಂಜದ ಕುತ್ತಿಗೆ ಗರಿ, ಕೆಂಪು, ಅಂಚಲ್ಲಿ ಹೊಂಬಣ್ಣ. ಫ್ಲೈ ಕಟ್ಟಕ್ಕೆ ಹುಂಜದ ಕುತ್ತಿಗೆ ಗರಿನೇ ಬೇಕು, ನಾರು ಗಟ್ಟಿ ಇರುತ್ತೆ, ನೀರ ಮೇಲೆ ಕಾಲೂರಿ ನಿಂತಂಗೆ ತೇಲುತ್ತೆ. ನನ್ನ ಬೆರಳು ನಡುಗಿ ನೂಲು ಕಿತ್ತು ಕಿತ್ತು ಹೋಗ್ತಿತ್ತು, ಒಂದು ಫ್ಲೈ ಕಟ್ಟಕ್ಕೆ ಮೂರು ಸಂಜೆ ಹಿಡೀತು. ಕೊಕ್ಕೆಯ ಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದ್ದೆ, ಮೀನಿಗೆ ಜಾಸ್ತಿ ಗಾಯ ಆಗ್ಬಾರ್ದು ಅಂತ. ಅದೇ ಫ್ಲೈಗೆ ಅಂಗೈಯಗಲದ ಜಿಲೇಬಿ ಸಿಕ್ತು. ಕೈ ಒದ್ದೆ ಮಾಡ್ಕೊಂಡು ಹಿಡ್ದೆ, ಅದ್ರ ಕಿವಿರು ತೆರ್ಕೊಂಡು ಮುಚ್ಕೊಂಡು ಮಾಡೋದು ನೋಡ್ತಾ ನೋಡ್ತಾ ನನ್ನ ಉಸಿರೂ ನಿಧಾನ ಆಯ್ತು, ನೀರಿಗೆ ಬಿಟ್ಟೆ. ಬಾಲ ಒಂದ್ಸಲ ಬಡಿದು ಹೋಯ್ತು. ಹಿಂದೆ ತಿರುಗಿ ನೋಡ್ಲೇ ಇಲ್ಲ ಅಂತ ಆಮೇಲೆ ಹೊಳೀತು, ಪೂರ್ತಿ ಅರ್ಧ ಗಂಟೆ.

ವಾಸಿ ಆಗೋಯ್ತು ಅಂತ ಹೇಳಲ್ಲ. ಮಾತ್ರೆ ನಡೀತಿದೆ, ಕೆಲವು ರಾತ್ರಿ ಈಗ್ಲೂ ಕಷ್ಟ. ನನ್ನಂಗೆ ಸೇತುವೆ ಕೆಳಗೆ ಕೂತಿರೋರು ಯಾರಾದ್ರೂ ಇದನ್ನ ಓದ್ತಿದ್ರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ, ರಾತ್ರಿಯೆಲ್ಲ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡ್ಬೋದು. ಮಾಜಿ ಸೈನಿಕರಾದ್ರೆ ಭಾನುವಾರ ಬೆಳಗ್ಗೆ ನಮ್ಮೂರ ಕೆರೆಗೂ ಬನ್ನಿ, ರಾಡ್ ಇದೆ, ಹಿಂದೆ ಕೂತ್ಕೊಳಕ್ಕೆ ನಾನಿದೀನಿ.

ಮಾವ ಫೋನಲ್ಲಿ ಓದೋರಲ್ಲ, ಅವ್ರ ಮೊಮ್ಮಗಳು ಓದಿ ಹೇಳ್ತಾಳೆ. ಪುಟ್ಟಿ, ಇಷ್ಟು ಹೇಳ್ಬಿಡವ್ವ: ಮುಂದಿನ ವಾರ ತಾತನ ಮಂಡಿ ಆಪರೇಷನ್‌ಗೆ ಆಸ್ಪತ್ರೇಲಿ ರಾತ್ರಿ ಯಾರಿರೋದು ಅಂತ ನಿಮ್ಮಪ್ಪ ಯೋಚ್ನೆ ಮಾಡ್ತಿದ್ರಲ್ಲ, ಎಲ್ಲಾ ರಾತ್ರಿನೂ ನಾನೇ ಇರ್ತೀನಿ.